ಮೇಲೊಂದು ಸೆಳವು, ಕೆಳಗೊಂದು ಸೆಳವು: ದೋಣಿಯ ಅಲೆತಡೆಯನ್ನು ನೀರಿನಲ್ಲೇ ಅಳೆಯುವ ಬಗೆ

ದುಬಾರೆಯ ದಡದಲ್ಲಿ ನಿಂತು ನೋಡಿದರೆ ಕಾವೇರಿ ಇಡಿಯಾಗಿ ಒಂದೇ ವೇಗದಲ್ಲಿ ಸಾಗುವಂತೆ ಕಾಣುತ್ತದೆ. ಕಣ್ಣಿಗೆ ಬೀಳುವುದು ಮೇಲ್ಮೈ ಮಾತ್ರ. ತಳದ ಕಲ್ಲು, ಮರಳಿಗೆ ತಾಗಿದ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ, ಮೇಲೆ ಬಂದಷ್ಟೂ ವೇಗ ಏರುತ್ತದೆ. ದೋಣಿ ಎಬ್ಬಿಸುವ ಅಲೆ ಮೇಲೆ ಕಂಡರೂ ಅದರ ಅಲುಗಾಟ ನೀರಿನೊಳಕ್ಕೆ ಇಳಿದಿರುತ್ತದೆ. ಹಾಗಾಗಿ ಅಲೆಯ ಉದ್ದವೂ ಅದು ಹರಡುವ ಕೋನವೂ ಕೆಳಗಿನ ಸೆಳವಿಗೆ ತಕ್ಕಂತೆ ಬದಲಾಗುತ್ತವೆ. ಅಲೆ ಎಬ್ಬಿಸುವುದಕ್ಕೆ ದೋಣಿ ತೆರಬೇಕಾದ ಎಳೆತವೂ ಬದಲಾಗುತ್ತದೆ. ಈ ಎಳೆತವನ್ನು ಇಲ್ಲಿ ಅಲೆತಡೆ ಎಂದು ಕರೆಯೋಣ. ನೀರು ದೋಣಿಯ ಒಡಲಿಗೆ ಉಜ್ಜುವುದರಿಂದ ಹುಟ್ಟುವ ತಡೆ ಬೇರೆ, ಅದನ್ನು ಉಜ್ಜುತಡೆ ಎನ್ನೋಣ.

ಈ ಅಳತೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಆರಂಭದಲ್ಲೇ ಆಗುತ್ತದೆ: ವೇಗವನ್ನು ದಡಕ್ಕೆ ಹೋಲಿಸಿ ತೆಗೆದುಕೊಳ್ಳುವುದು. ಹೊಳೆಗೆ ಎದುರಾಗಿ ಹೋಗುವಾಗ ಎಂಜಿನ್ ಹೆಚ್ಚು ದುಡಿಯುವುದು ದಡಕ್ಕೆ ಹೋಲಿಸಿದ ವೇಗ ಕಾಯ್ದುಕೊಳ್ಳಲು. ಅಲೆಗೆ ದಡದ ಪರಿವೆಯೇ ಇಲ್ಲ. ಮೇಲ್ಮೈ ನೀರಿಗೆ ಹೋಲಿಸಿದ ವೇಗವನ್ನು ಎರಡೂ ದಿಕ್ಕಿನಲ್ಲಿ ಒಂದೇ ಇಟ್ಟು ನೋಡಿದರೆ ಫಲ ತಿರುವುಮುರುವಾಗುತ್ತದೆ. ಮೇಲೆ ವೇಗ, ಕೆಳಗೆ ನಿಧಾನ ಇರುವ ಮಾಮೂಲಿ ಹೊಳೆಯಲ್ಲಿ ಸೆಳವಿನ ಜೊತೆ ಸಾಗುವ ದೋಣಿಯ ಅಲೆಯೇ ಉದ್ದ. ಮಂದಗತಿಯ ದೋಣಿಗಳಲ್ಲಿ ಅಲೆತಡೆ ಹೆಚ್ಚುವುದೂ ಆ ದಿಕ್ಕಿನಲ್ಲೇ. ಕಾರಣ ನೇರವಾಗಿದೆ: ಕೆಳಗಿನ ನೀರು ಹಿಂದೆ ಬೀಳುತ್ತಿದೆ, ಅಂದರೆ ದೋಣಿಯಿಂದ ನೋಡಿದರೆ ಅದು ಮೇಲ್ಮೈಗಿಂತ ಜೋರಾಗಿ ಎದುರು ಬರುತ್ತಿದೆ. ಅಲೆ ಆ ಎರಡರ ನಡುವಿನ ಯಾವುದೋ ವೇಗವನ್ನು ಕಾಣುತ್ತದೆ.

ಆ ವೇಗ ಎಷ್ಟೆಂದು ಕಂಡುಹಿಡಿಯುವುದೇ ಮುಖ್ಯ ಕೆಲಸ.

ಲೆಕ್ಕದ ಅಡಿಪಾಯ

ಆಳವಾದ, ಪದರ ಭೇದವಿಲ್ಲದ (ಅಂದರೆ ಮೇಲೂ ಕೆಳಗೂ ಒಂದೇ ವೇಗದ) ನೀರಿನಲ್ಲಿ ದೋಣಿಯ ಹಿಂದೆ ಎರಡು ಬಗೆಯ ಅಲೆಗಳಿರುತ್ತವೆ: ದೋಣಿಯ ದಾರಿಗೆ ಅಡ್ಡವಾಗಿ ನಿಲ್ಲುವ ಅಡ್ಡ ಅಲೆಗಳು ಮತ್ತು ಎರಡು ಬದಿಗೆ ಹರಡುವ ಓರೆ ಅಲೆಗಳು. ಇವೆಲ್ಲ ನಡುಗೆರೆಯಿಂದ ಅತ್ತಿತ್ತ ಸುಮಾರು 19.5 ಡಿಗ್ರಿಯ ಬೆಣೆಯೊಳಗೆ ಇರುತ್ತವೆ ಎಂದು ಲಾರ್ಡ್ ಕೆಲ್ವಿನ್ 1887ರಲ್ಲಿ ತೋರಿಸಿದರು. ಅಡ್ಡ ಅಲೆಯ ಉದ್ದ ಮೀಟರಿನಲ್ಲಿ ಬೇಕಿದ್ದರೆ, ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ತೆಗೆದುಕೊಂಡು ವರ್ಗ ಮಾಡಿ 0.64ರಿಂದ ಗುಣಿಸಿದರೆ ಸಾಕು. ಸೆಕೆಂಡಿಗೆ 2 ಮೀಟರಿಗೆ 2.56 ಮೀಟರ್, 2.5ಕ್ಕೆ 4 ಮೀಟರ್, 3ಕ್ಕೆ 5.8 ಮೀಟರ್.

ಸೆಳವು ಆಳಕ್ಕೆ ತಕ್ಕಂತೆ ಬದಲಾಗುವಾಗ ಅಲೆಗೆ ತಾಗುವ ಸರಾಸರಿ ಸೆಳವನ್ನು ತೆಗೆಯುವ ಸೂತ್ರವನ್ನು ವಿಜ್ಞಾನಿಗಳಾದ ಸ್ಟೀವರ್ಟ್ ಮತ್ತು ಜಾಯ್ 1974ರಲ್ಲಿ ಕೊಟ್ಟರು. ಮೇಲಿನ ಪದರಕ್ಕೆ ಹೆಚ್ಚು ತೂಕ, ಕೆಳಗಿಳಿದಂತೆ ತೂಕ ಬೇಗಬೇಗನೆ ಕರಗುತ್ತದೆ. ಕ್ಯಾಲ್ಕುಲಸ್ ಬಿಟ್ಟು ಹೇಳುವುದಾದರೆ, ಅಲೆಯ ಉದ್ದದ ಹದಿನಾರನೇ ಒಂದು ಭಾಗದಷ್ಟು ಆಳದವರೆಗಿನ ಪದರಕ್ಕೆ 54 ಶೇಕಡಾ, ಅಲ್ಲಿಂದ ಎಂಟನೇ ಒಂದು ಭಾಗದವರೆಗೆ 25, ಎಂಟನೇ ಒಂದರಿಂದ ಕಾಲು ಭಾಗದವರೆಗೆ 17, ಅದಕ್ಕಿಂತ ಕೆಳಗಿರುವುದಕ್ಕೆಲ್ಲ ಸೇರಿ 4 ಶೇಕಡಾ. 4 ಮೀಟರ್ ಅಲೆಗೆ ಈ ಗಡಿಗಳು 25 ಸೆಂ.ಮೀ., 50 ಸೆಂ.ಮೀ. ಮತ್ತು 1 ಮೀಟರ್. ಒಂದು ಮೀಟರಿನ ಕೆಳಗೆ ಹೊಳೆ ಏನು ಮಾಡಿದರೂ ಆ ಅಲೆಗೆ ಅಷ್ಟಾಗಿ ತಿಳಿಯುವುದಿಲ್ಲ. ತಳದವರೆಗೆ ಅಳೆಯುತ್ತ ದಿನ ಕಳೆಯುವ ಬದಲು ಮೇಲಿನ ಅರ್ಧ ಮೀಟರನ್ನು ಚೆನ್ನಾಗಿ ಅಳೆಯಿರಿ.

ಸಣ್ಣ ಮಾದರಿ ದೋಣಿ ಬಳಸುವವರು ಇಲ್ಲೇ ಎಡವುತ್ತಾರೆ. ಒಂದು ಮೀಟರಿನ ಮಾದರಿಯನ್ನು ಸೆಕೆಂಡಿಗೆ 1.2 ಮೀಟರಿನಲ್ಲಿ ಎಳೆದರೆ ಅಲೆಯ ಉದ್ದ 92 ಸೆಂ.ಮೀ. ಮಾತ್ರ. ಅದು ಮೇಲಿನ 23 ಸೆಂ.ಮೀ. ನೀರನ್ನಷ್ಟೇ ಅರಿಯುತ್ತದೆ. ಅದೇ ಹೊಳೆಯಲ್ಲಿ ದೊಡ್ಡ ದೋಣಿ ಬೇರೆಯೇ ಸೆಳವನ್ನು ಕಾಣುತ್ತದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ 4 ಮೀಟರ್ ನೀರುಗೆರೆಯ (ನೀರಿನ ಮಟ್ಟದಲ್ಲಿ ಒಡಲಿನ ಉದ್ದ 4 ಮೀಟರ್ ಇರುವ) ಹಗುರ ಹುಟ್ಟಿನ ದೋಣಿಗೆ.

ಜಾಗ, ಕಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತುಂಬು ಹೊಳೆಗೆ ಈ ಕೆಲಸಕ್ಕಾಗಿ ಇಳಿಯುವ ಮಾತೇ ಬೇಡ. ನವೆಂಬರ್‌ನಿಂದ ಜನವರಿಯವರೆಗಿನ ಬೆಳಗು ಒಳ್ಳೆಯದು. ಮಂಜು ಕರಗಿ ದಡದ ಗೂಟ ಕಾಣಿಸಿದ ಮೇಲೆ, ಗಾಳಿ ಏಳುವ ಮುಂಚಿನ ಒಂದೆರಡು ಗಂಟೆ. ಗಾಳಿಯ ವೇಗದ ಸುಮಾರು ನೂರಕ್ಕೆ ಮೂರರಷ್ಟು ವೇಗದಲ್ಲಿ ಮೇಲ್ಮೈಯ ತೆಳು ಪದರ ಜಾರುತ್ತದೆ. ಸೆಕೆಂಡಿಗೆ 3 ಮೀಟರಿನ ಮಂದ ಗಾಳಿಯೂ 9 ಸೆಂ.ಮೀ. ಸೇರಿಸುತ್ತದೆ. ಹುಡುಕುತ್ತಿರುವ ವ್ಯತ್ಯಾಸವೇ ಕೆಲವೊಮ್ಮೆ ಅದಕ್ಕಿಂತ ಚಿಕ್ಕದು.

ನೇರವಾದ 250 ಮೀಟರ್ ಹರಿವು, 40 ಮೀಟರಿಗೆ ಕಡಿಮೆಯಿಲ್ಲದ ಅಗಲ, ಅಲೆಯ ಉದ್ದದ ಅರ್ಧಕ್ಕಿಂತ ಹೆಚ್ಚು ಆಳ, ಅಂದರೆ ಇಲ್ಲಿ ಕನಿಷ್ಠ 2 ಮೀಟರ್ ಬೇಕು, 3 ಇದ್ದರೆ ನಿಶ್ಚಿಂತೆ. ಆಳ ಕಡಿಮೆಯಾದರೆ ತಳವೇ ಅಲೆಯನ್ನು ಹಿಡಿಯತೊಡಗುತ್ತದೆ. 1 ಮೀಟರ್ ಆಳದಲ್ಲಿ ಅಲೆಯೊಂದು ಹೋಗಬಹುದಾದ ಗರಿಷ್ಠ ವೇಗ ಸೆಕೆಂಡಿಗೆ 3.13 ಮೀಟರ್. ದೋಣಿ ಅದರ ಹತ್ತಿರ ಬಂದರೆ ಅಡ್ಡ ಅಲೆ ಉಬ್ಬಿ, ತಡೆ ಥಟ್ಟನೆ ಏರುತ್ತದೆ. ಬೇಸಿಗೆಯ ಇಳಿನೀರಿನಲ್ಲಿ ಕಾಣುವ ಇಂಥ ಏರಿಕೆಯನ್ನು ಸೆಳವಿನ ಪರಿಣಾಮ ಎಂದು ಬರೆದುಕೊಂಡರೆ ಇಡೀ ಅಳತೆ ಹಾಳು.

ಮಾಮೂಲಿ ಹೊಳೆಯ ಪಾಠಕ್ಕೆ ಕುಶಾಲನಗರದ ಆಸುಪಾಸಿನ ಕಾವೇರಿ ಸಾಕು. ಪದರ ಭೇದ ಜೋರಾಗಿರುವ ನೀರು ಬೇಕಿದ್ದರೆ ಹಾರಂಗಿ ಹಿನ್ನೀರಿಗೆ ಹೊಳೆ ಬಂದು ಸೇರುವ ತಲೆಭಾಗವನ್ನು ಮಳೆ ಇಳಿದ ಮೇಲೆ ನೋಡಬೇಕು. ಬೆಟ್ಟದಿಂದ ಬರುವ ನೀರು ಹಿನ್ನೀರಿಗಿಂತ ತಣ್ಣಗೆ, ಕೆಸರಾಗಿ ಇದ್ದರೆ ಭಾರವಾಗಿ ಕೆಳಗೆ ನುಸುಳುತ್ತದೆ. ಮೇಲೆ ನೀರು ನಿಂತಂತೆ, ಕೆಳಗೆ ಸೆಳವು. ಕೆಸರು ನೀರು ತಿಳಿನೀರಿನ ಕೆಳಗೆ ಜಾರುವ ಗೆರೆಯಲ್ಲಿ ಕಸಕಡ್ಡಿ, ನೊರೆ ಸಾಲುಗಟ್ಟಿ ನಿಲ್ಲುತ್ತದೆ, ಅದೇ ಗುರುತು. ಜಲಾಶಯ ಕಾವೇರಿ ನೀರಾವರಿ ನಿಗಮದ ವಶದಲ್ಲಿದೆ, ದುಬಾರೆಯ ಆನೆ ಶಿಬಿರ ಅರಣ್ಯ ಇಲಾಖೆಯದು. ಎರಡೂ ಕಡೆ ಬರಹದಲ್ಲಿ ಅನುಮತಿ ಪಡೆಯಬೇಕು. ಆನೆಗಳು ಮೀಯುವ ಹೊತ್ತಿನಲ್ಲಿ ಶಿಬಿರದ ಹತ್ತಿರ ಎಂಜಿನ್ ಓಡಿಸಬಾರದು. ದೋಣಿಯಲ್ಲಿರುವ ಎಲ್ಲರಿಗೂ ಲೈಫ್ ಜಾಕೆಟ್, ಹಗ್ಗ ಕತ್ತರಿಸಲು ಕೈಗೆಟಕುವಂತೆ ಒಂದು ಕತ್ತಿ ಇರಲೇಬೇಕು.

ಸೆಳವನ್ನು ಪದರ ಪದರವಾಗಿ ಅಳೆಯುವುದು

ಮೇಲ್ಮೈಗೆ ಕಿತ್ತಳೆಯಷ್ಟು ಒಳ್ಳೆಯ ತೇಲು ಇನ್ನೊಂದಿಲ್ಲ. ಸಿಪ್ಪೆ ಸುಲಿಯದ ಹಣ್ಣು ಬಹುಪಾಲು ಮುಳುಗಿಯೇ ತೇಲುವುದರಿಂದ ಗಾಳಿಗೆ ಸಿಗುವುದು ಕಡಿಮೆ, ಬಣ್ಣ ದೂರಕ್ಕೆ ಕಾಣುತ್ತದೆ, ಕಳೆದುಹೋದರೂ ಹೊಳೆಗೆ ಕೇಡಿಲ್ಲ. ದಡದಲ್ಲಿ 20 ಮೀಟರ್ ಅಂತರದಲ್ಲಿ ಎರಡು ಜೋಡಿ ಗೂಟ ನೆಟ್ಟು, ಪ್ರತಿ ಜೋಡಿಯ ನೇರಕ್ಕೆ ಹಣ್ಣು ದಾಟಿದ ಗಳಿಗೆ ಗುರುತಿಸಿ. ಐದು ಸಲ ಮಾಡಿ ನಡುವಿನ ಮೂರು ಅಳತೆಗಳ ಸರಾಸರಿ ತೆಗೆಯಿರಿ.

ಕೆಳಗಿನ ಪದರಗಳಿಗೆ 40 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಎರಡು ತಗಡುಗಳನ್ನು ನಡುವೆ ಸೀಳಿ, ಒಂದರೊಳಗೊಂದು ಅಡ್ಡಲಾಗಿ ಸಿಕ್ಕಿಸಿ. ಇಂಥ ನಾಲ್ಕು ಬೇಕು. ತಗಡಿನ ನಡುಭಾಗ 12, 37, 75 ಮತ್ತು 150 ಸೆಂ.ಮೀ. ಆಳಕ್ಕೆ ಬರುವಂತೆ ಮೀನಿನ ಗಾಳದ ದಾರದಿಂದ ಸಣ್ಣ ಔಷಧಿ ಬಾಟಲಿಗೆ ಕಟ್ಟಿ ಇಳಿಬಿಡಿ. ತಗಡಿಗೆ ಥರ್ಮೋಕೋಲ್ ಚೂರು ಅಂಟಿಸಿ ತೂಕ ಸರಿದೂಗಿಸಿದರೆ ಬಾಟಲಿ ತೀರಾ ಚಿಕ್ಕದಿದ್ದರೂ ಹೊರುತ್ತದೆ. ಬಾಟಲಿ ಚಿಕ್ಕದಾಗಿರಲೇಬೇಕು. ನೀರಿನ ತಳ್ಳು ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ತಗಡಿನ ಮುಖ ಬಾಟಲಿಯ ಮುಳುಗಿದ ಭಾಗದ ನೂರರಷ್ಟಿದ್ದರೂ ಬಾಟಲಿ ತಗಡನ್ನು ಮೇಲ್ಮೈಯ ವೇಗದ ಕಡೆಗೆ ಸುಮಾರು 9 ಶೇಕಡಾ ಎಳೆದೇ ಎಳೆಯುತ್ತದೆ. ಅಂದರೆ 800 ಚದರ ಸೆಂ.ಮೀ. ತಗಡಿಗೆ ನೀರಿನೊಳಗಿನ ಬಾಟಲಿ 8 ಚದರ ಸೆಂ.ಮೀ. ಮೀರಬಾರದು. ಬಂದ ಅಳತೆಯಲ್ಲಿ ಮೇಲ್ಮೈಗೂ ಆ ಪದರಕ್ಕೂ ಇರುವ ಅಂತರವನ್ನು 1.1ರಿಂದ ಗುಣಿಸಿ ಸರಿಪಡಿಸಿಕೊಳ್ಳಿ. ಹೆಬ್ಬೆರಳಿನಷ್ಟು ದಪ್ಪದ ಹಗ್ಗ, ದೊಡ್ಡ ನೀರಿನ ಬಾಟಲಿ ಬಳಸಿದವರಿಗೆ ಎಲ್ಲ ಪದರವೂ ಒಂದೇ ವೇಗದಲ್ಲಿ ಹರಿಯುವಂತೆ ಕಾಣುವುದು ಇದೇ ಕಾರಣಕ್ಕೆ.

ಹಿನ್ನೀರಿನಲ್ಲಿ ದಡ ದೂರವಿದ್ದರೆ ಲಂಗರು ಹಾಕಿದ ದೋಣಿಯನ್ನೇ ಗುರುತಾಗಿಟ್ಟು, ತೇಲಿಗೆ ಕಟ್ಟಿದ, 20 ಮೀಟರ್ ಅಳೆದ ತೆಳು ದಾರ ಬಿಚ್ಚಿಕೊಳ್ಳಲು ಹಿಡಿಯುವ ಸಮಯ ನೋಡಬಹುದು.

ಎರಡು ಲೆಕ್ಕ

ಎರಡೂ ಉದಾಹರಣೆಗೆಂದು ಇಟ್ಟುಕೊಂಡ ಅಂಕಿಗಳು. ಮೊದಲನೆಯದು ಮಾಮೂಲಿ ಹೊಳೆ: 3 ಮೀಟರ್ ಆಳ, ಮೇಲ್ಮೈ ಸೆಳವು ಸೆಕೆಂಡಿಗೆ 0.90 ಮೀಟರ್, ಕೆಳಗಿನ ಪದರಗಳಲ್ಲಿ ಕ್ರಮವಾಗಿ 0.894, 0.883, 0.864, 0.815. ದೋಣಿಯ ವೇಗ ಮೇಲ್ಮೈ ನೀರಿಗೆ ಹೋಲಿಸಿ 2.5. ಪದರಗಳನ್ನು 54, 25, 17, 4ರ ತೂಕದಲ್ಲಿ ಕೂಡಿದರೆ ಅಲೆ ಕಾಣುವ ಸೆಳವು 0.883, ಮೇಲ್ಮೈಗಿಂತ 0.017 ಕಡಿಮೆ. ಸೆಳವಿನ ಜೊತೆ ಹೋಗುವಾಗ ಈ 0.017ನ್ನು ದೋಣಿಯ ವೇಗಕ್ಕೆ ಕೂಡಿಸಿ, ಎದುರು ಹೋಗುವಾಗ ಕಳೆಯಿರಿ: 2.517 ಮತ್ತು 2.483. ಅಲೆಯ ಉದ್ದ 4.06 ಮತ್ತು 3.95 ಮೀಟರ್. ಹನ್ನೊಂದು ಸೆಂಟಿಮೀಟರ್ ವ್ಯತ್ಯಾಸ, ಹಗ್ಗ ಹಿಡಿದು ನೋಡಿದರೂ ಅನುಮಾನ ಉಳಿಯುವಷ್ಟು. ಶಾಂತ ಕಾವೇರಿಯಲ್ಲಿ ಈ ಪರಿಣಾಮ ಕಂಡಿತು ಎಂದು ಯಾರಾದರೂ ಹೇಳಿದರೆ ಮೊದಲು ವೇಗದ ಅಳತೆಯನ್ನು ಮರುಪರಿಶೀಲಿಸಬೇಕು.

ಎರಡನೆಯದು ನಿಂತ ಮೇಲ್ಮೈಯ ಕೆಳಗೆ ಹರಿವು: ಮೇಲ್ಮೈ 0, ಪದರಗಳಲ್ಲಿ 0.05, 0.20, 0.40, 0.50. ಅದೇ ತೂಕದಲ್ಲಿ ಕೂಡಿದರೆ 0.165. ಈಗ ಕೆಳಸೆಳವಿಗೆ ಎದುರಾಗಿ ಹೋಗುವ ದೋಣಿಗೆ ಇದು ಕೂಡುತ್ತದೆ, ಜೊತೆ ಹೋಗುವ ದೋಣಿಗೆ ಕಳೆಯುತ್ತದೆ. ಹೊಸ ಅಲೆಯ ಉದ್ದ ಬಂದ ಮೇಲೆ ಪದರಗಳ ತೂಕ ಬದಲಾಗುವುದರಿಂದ ಲೆಕ್ಕವನ್ನು ಇನ್ನೊಮ್ಮೆ ಮಾಡಬೇಕು: ಉದ್ದವಾದ ಅಲೆ ಇನ್ನೂ ಆಳಕ್ಕೆ ಮುಟ್ಟುತ್ತದೆ, ಗಿಡ್ಡ ಅಲೆ ಮೇಲೇ ಉಳಿಯುತ್ತದೆ. ಎರಡನೇ ಸುತ್ತಿನಲ್ಲಿ ಎದುರು ದಿಕ್ಕಿಗೆ 2.68, ಜೊತೆ ದಿಕ್ಕಿಗೆ 2.35. ಅಲೆಯ ಉದ್ದ 4.6 ಮತ್ತು 3.55 ಮೀಟರ್. ದೋಣಿ ಅದೇ, ಮೇಲ್ಮೈಗೆ ಹೋಲಿಸಿದ ವೇಗ ಅದೇ, ಆದರೂ ಅಲೆಯಲ್ಲಿ ಒಂದು ಮೀಟರಿನ ಅಂತರ. ನಿಂತ ನೀರಿನ ಕೆಳಗೆ ಏನು ನಡೆದಿದೆ ಎಂಬುದನ್ನು ದೋಣಿಯ ಹಿಂದಿನ ಅಲೆಯೇ ತೋರಿಸಿಕೊಡುವ ಈ ಗುಣಕ್ಕಾಗಿಯಾದರೂ ಈ ಪ್ರಯೋಗ ಮಾಡಬೇಕು. ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ಸಂಶೋಧಕ ಎಲ್ಲಿಂಗ್‌ಸನ್ 2014ರಲ್ಲಿ ಇಂಥ ಸೆಳವಿನ ಮೇಲಿನ ಹಡಗಿನ ಅಲೆಗಳ ಲೆಕ್ಕ ಕೊಟ್ಟರು. 2019ರಲ್ಲಿ ಅವರ ತಂಡ ಪ್ರಯೋಗದ ತೊಟ್ಟಿಯಲ್ಲಿ ನಿಂತ ಮೇಲ್ಮೈಯ ಕೆಳಗೆ ನೀರು ಹರಿಸಿ ಅಲೆಗಳು ಹೀಗೇ ಬದಲಾಗುವುದನ್ನು ತೋರಿಸಿತು.

ಇದರಿಂದ ಎಳೆತ ಎಷ್ಟು ಬದಲಾಗುತ್ತದೆ? 4 ಮೀಟರ್ ದೋಣಿಯಲ್ಲಿ ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾಗುವುದು ಸೆಕೆಂಡಿಗೆ 2.5 ಮೀಟರಿನಲ್ಲಿ. ಅಲ್ಲಿಂದ ಮುಂದೆ ದೋಣಿಯ ಹಿಂಬದಿ ಅಲೆಯ ತಗ್ಗಿಗೆ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ, ಅಲೆತಡೆ ಕಡಿದಾಗಿ ಏರುತ್ತದೆ. ಈ ಏರಿನಲ್ಲಿ ಅಲೆತಡೆ ವೇಗದ ಆರನೇ ಘಾತದಂತೆ ಹೆಚ್ಚುತ್ತದೆ ಎಂದು ಇಟ್ಟುಕೊಂಡರೂ 2.35 ಮತ್ತು 2.68ರ ನಡುವೆ ಅದು ಎರಡು ಪಟ್ಟು ದಾಟುತ್ತದೆ. ನಿಜವಾದ ಘಾತ ದೋಣಿಯ ಒಡಲಿನ ಮೇಲೆ ನಿಂತಿದೆ, ಅದನ್ನು ಅಳೆದೇ ತಿಳಿಯಬೇಕು.

ಎಳೆತ ಅಳೆಯುವ ಕಟ್ಟಣೆ

ಎಂಜಿನ್ ದೋಣಿಯ ಹಿಂದೆ ಹಗ್ಗ ಕಟ್ಟಿ ಇನ್ನೊಂದು ದೋಣಿ ಎಳೆದರೆ ಪ್ರಯೋಜನವಿಲ್ಲ. ಎಳೆಯುವ ದೋಣಿಯ ಅಲೆ, ಫ್ಯಾನಿನ ನೊರೆ ಎರಡೂ ಪರೀಕ್ಷೆಯ ದೋಣಿಯ ಮೇಲೆಯೇ ಬರುತ್ತವೆ. ಪರೀಕ್ಷೆಯ ದೋಣಿಯನ್ನು ಮುಂದೆ, ಪಕ್ಕದಲ್ಲಿ ಇಡಬೇಕು. 7 ಮೀಟರಿನ ಗಟ್ಟಿ ಬಿದಿರು ತೆಗೆದುಕೊಂಡು 2 ಮೀಟರನ್ನು ಎಂಜಿನ್ ದೋಣಿಯ ಮೂತಿಯ ಮೇಲೆ ಎರಡು ಕಡೆ ಬಿಗಿದು, ಉಳಿದ 5 ಮೀಟರ್ ಓರೆಯಾಗಿ ಹೊರಚಾಚಲಿ: ತುದಿ ಮೂತಿಗಿಂತ 4 ಮೀಟರ್ ಮುಂದೆ, 3 ಮೀಟರ್ ಪಕ್ಕಕ್ಕೆ. 3-4-5ರ ತ್ರಿಕೋನವಾದ್ದರಿಂದ ಟೇಪಿನಲ್ಲೇ ಸರಿನೋಡಬಹುದು. ತುದಿ ನೀರಿಗೆ ಬಾಗದಂತೆ ದೋಣಿಯ ನಡುವಿನ ಕಂಬದಿಂದ ಒಂದು ಹಗ್ಗದಲ್ಲಿ ಎತ್ತಿ ಹಿಡಿಯಿರಿ. ಪರೀಕ್ಷೆಯ ದೋಣಿಯ ಮೂತಿಯನ್ನು ಆ ತುದಿಗೆ ಗಿಡ್ಡ ಹಗ್ಗದಲ್ಲಿ ಕಟ್ಟಿದರೆ ಅದರ ಹಿಂಬದಿ ಹೆಚ್ಚುಕಡಿಮೆ ಎಂಜಿನ್ ದೋಣಿಯ ಮೂತಿಯ ನೇರಕ್ಕೆ ಬರುತ್ತದೆ. ಎಂಜಿನ್ ದೋಣಿಯ 19.5 ಡಿಗ್ರಿ ಬೆಣೆ 3 ಮೀಟರ್ ಅಗಲಕ್ಕೆ ಹರಡಲು 8.5 ಮೀಟರ್ ಬೇಕು. ಅಂದರೆ ಪರೀಕ್ಷೆಯ ದೋಣಿಯ ಹಿಂದೆ ಸುಮಾರು ಎರಡು ಅಲೆಯಷ್ಟು ಜಾಗ ಶುದ್ಧವಾಗಿ ಉಳಿಯುತ್ತದೆ.

ಹಗ್ಗದ ನಡುವೆ 20 ಕಿಲೋ ಅಳೆಯುವ ಸ್ಪ್ರಿಂಗ್ ತಕ್ಕಡಿ. ಅದರ ಜೊತೆ ಸಾಲಿನಲ್ಲಿ ಅರ್ಧ ಮೀಟರ್ ಸೈಕಲ್ ಟ್ಯೂಬ್ ಸೇರಿಸಿದರೆ ಮುಳ್ಳಿನ ಕುಣಿತ ತಗ್ಗುತ್ತದೆ, ಸರಾಸರಿ ಎಳೆತ ಬದಲಾಗುವುದಿಲ್ಲ. ತಕ್ಕಡಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಆಮೇಲೆ ಎರಡೆರಡು ಸೆಕೆಂಡಿಗೆ ಓದಿ ಸರಾಸರಿ ತೆಗೆಯಿರಿ. ಓಡುವಾಗಲೇ ಕಣ್ಣಳತೆಯಲ್ಲಿ ಬರೆದ ಅಂಕಿ ಯಾವಾಗಲೂ ಹೆಚ್ಚಾಗಿರುತ್ತದೆ, ಮುಳ್ಳು ಎಗರಿದಾಗಲೇ ಕಣ್ಣು ಹೋಗುವುದರಿಂದ. ದೋಣಿಯ ಹಿಂಬದಿಗೆ 8 ಮೀಟರ್ ತೆಳು ದಾರ ಕಟ್ಟಿ ಅರ್ಧರ್ಧ ಮೀಟರಿಗೆ ಥರ್ಮೋಕೋಲ್ ಗುಂಡು ಪೋಣಿಸಿ. ಅಡ್ಡ ಅಲೆಗಳು ದೋಣಿಯೊಂದಿಗೇ ಸಾಗುವುದರಿಂದ ಅಲೆಯ ನೆತ್ತಿ ಯಾವ ಗುಂಡಿನ ಮೇಲಿದೆಯೋ ಅಲ್ಲೇ ನಿಲ್ಲುತ್ತದೆ, ಉದ್ದವನ್ನು ಎಣಿಸಿಯೇ ಹೇಳಬಹುದು.

ಪರೀಕ್ಷೆಯ ದೋಣಿಯಲ್ಲಿ ಆಳು ಬೇಡ. ಮರಳು ಚೀಲ ಇಟ್ಟು ಅವು ಜಾರದಂತೆ ಕಟ್ಟಿ, ಮುಂದೆ ಹಿಂದೆ ನೀರುಗೆರೆಯ ಗುರುತು ಹಾಕಿ. ಪ್ರತಿ ಓಟದ ಮುಂಚೆ ಒಳಸೋರಿದ ನೀರು ತೋಡಿ ಹಾಕುವುದು ಮರೆಯಬಾರದು. ಹತ್ತು ಲೀಟರ್ ನೀರು ಹಿಂಬದಿಗೆ ಹರಿದರೂ ದೋಣಿಯ ವಾಲಿಕೆ ಬದಲಾಗಿ ಅಲೆತಡೆ ಬದಲಾಗುತ್ತದೆ.

ಓಟ

ವೇಗಕ್ಕೆ ಎರಡು ಫೋನಿನ ಜಿಪಿಎಸ್ ಬೇಕು. ಒಂದು ದೋಣಿಯಲ್ಲಿ, ಇನ್ನೊಂದು ನೀರು ಹೋಗದ ಚೀಲದಲ್ಲಿ ಬಹುಪಾಲು ಮುಳುಗಿ, ಜಿಪಿಎಸ್ ಸಿಗುವಷ್ಟು ಮಾತ್ರ ಮೇಲೆ ಕಾಣುವಂತೆ ತೇಲುತ್ತಿರಲಿ. ಎರಡರ ವೇಗವನ್ನು ದಿಕ್ಕು ಸಮೇತ ಕಳೆದರೆ ಮೇಲ್ಮೈ ನೀರಿಗೆ ಹೋಲಿಸಿದ ವೇಗ. ಹೊಳೆಯಲ್ಲಿ ಈ ಕಳೆಯುವಿಕೆ ತಪ್ಪಿದರೆ ಉಳಿದ ಎಲ್ಲ ಎಚ್ಚರಿಕೆಯೂ ವ್ಯರ್ಥ. ಮೊದಲ 80 ಮೀಟರ್ ಓಟ ಎಣಿಕೆಗಿಲ್ಲ. ಅಲೆಯ ಶಕ್ತಿ ಅಲೆಯ ಅರ್ಧ ವೇಗದಲ್ಲಿ ಸಾಗುವುದರಿಂದ ಅಲೆಗಳ ಸಾಲು ಪೂರ್ತಿ ಕಟ್ಟಿಕೊಳ್ಳಲು ಸಮಯ ಬೇಕು. ಆಮೇಲಿನ 30 ಸೆಕೆಂಡು ಓದಿ. ಒಂದು ಓಟಕ್ಕೂ ಮುಂದಿನದಕ್ಕೂ ನಡುವೆ ದಡದಿಂದ ಮರಳುವ ಅಲೆ ಅಡಗುವವರೆಗೆ ಐದು ನಿಮಿಷ ಕಾಯಿರಿ.

1.8, 2.0, 2.2, 2.4, 2.6, 2.8 ಹೀಗೆ ಆರು ವೇಗ, ಪ್ರತಿಯೊಂದನ್ನೂ ಎರಡೂ ದಿಕ್ಕಿಗೆ, ಮೂರು ಮೂರು ಸಲ. ಒಂದೇ ವೇಗದಲ್ಲಿ ಎರಡು ಓಟ ಓಡಿ ಎಳೆತ ಹೋಲಿಸುವುದು ಸಾಲದು. ಕಡಿದಾದ ಏರಿನಲ್ಲಿ ವೇಗದ ಸಣ್ಣ ತಪ್ಪೂ ಎಳೆತದಲ್ಲಿ ದೊಡ್ಡದಾಗಿ ಕಾಣುತ್ತದೆ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ವೇಗ, ಉದ್ದಕ್ಕೆ ಅಲೆತಡೆ ಹಾಕಿ ಎರಡು ದಿಕ್ಕಿಗೆ ಎರಡು ಗೆರೆ ಎಳೆಯಿರಿ. ಪದರ ಭೇದವಿದ್ದರೆ ಎರಡು ಗೆರೆಗಳು ಒಂದೇ ಆಕಾರದಲ್ಲಿದ್ದು ಎಡಬಲಕ್ಕೆ ಸರಿದಿರುತ್ತವೆ. ಆ ಸರಿತವನ್ನು ಅಡ್ಡಕ್ಕೆ ಅಳೆಯಿರಿ. ನಮ್ಮ ಎರಡನೇ ಉದಾಹರಣೆಯಲ್ಲಿ ಅದು ಸೆಕೆಂಡಿಗೆ ಸುಮಾರು 0.33 ಮೀಟರ್ ಇರಬೇಕು, ಮೊದಲನೆಯದರಲ್ಲಿ 0.034 ಮಾತ್ರ. ತಗಡಿನ ತೇಲುಗಳಿಂದ ಬಂದ ಲೆಕ್ಕಕ್ಕೆ ಇದು ತಾಳೆಯಾದರೆ ಅಳತೆ ಗಟ್ಟಿ. ಗೆರೆಗಳು ಸರಿಯದೆ ಒಂದರ ಮೇಲೊಂದು ಎದ್ದುನಿಂತಿದ್ದರೆ, ಅಂದರೆ ಎಲ್ಲ ವೇಗದಲ್ಲೂ ಒಂದೇ ಪ್ರಮಾಣದ ಅಂತರವಿದ್ದರೆ, ಕಾರಣ ಅಲೆಯಲ್ಲ: ಗಾಳಿಯೋ, ಒಡಲಿಗೆ ಸಿಕ್ಕ ಜೊಂಡೋ, ಓರೆಯಾಗಿ ಸಾಗಿದ ದೋಣಿಯೋ ನೋಡಬೇಕು.

ಅಲೆತಡೆ ಸಿಗುವುದು ಒಟ್ಟು ಎಳೆತದಿಂದ ಉಜ್ಜುತಡೆ ಕಳೆದ ಮೇಲೆ. ನೀರಲ್ಲಿ ಮುಳುಗಿದ ಒಡಲಿನ ಮೈ 4 ಚದರ ಮೀಟರ್ ಇದ್ದರೆ, 2.5ರ ವೇಗದಲ್ಲಿ ಉಜ್ಜುತಡೆಯ ಗುಣಾಂಕ ಸುಮಾರು 0.003. ಲೆಕ್ಕ ಹಾಕಿದರೆ 37 ನ್ಯೂಟನ್, ತಕ್ಕಡಿಯಲ್ಲಿ 3.8 ಕಿಲೋ. ಒಡಲಿನ ಉಬ್ಬುತಗ್ಗಿಗೆ ಹತ್ತರಿಂದ ಹದಿನೈದು ಶೇಕಡಾ ಸೇರಿಸಿ. ಈ ಉಜ್ಜುತಡೆಗೆ ಮಾತ್ರ ಒಡಲು ಮುಳುಗಿರುವಷ್ಟೇ ಆಳದ, ಅಂದರೆ ಮೇಲಿನ 20 ಸೆಂ.ಮೀ. ಸೆಳವಿನ ಸರಾಸರಿ ಬಳಸಬೇಕು, ಅಲೆಗೆ ಬಳಸಿದ ಸರಾಸರಿಯನ್ನಲ್ಲ. ಎರಡನ್ನೂ ಒಂದೇ ಎಂದುಕೊಂಡು ಕಳೆದವರಿಗೆ ನಿಧಾನ ವೇಗದಲ್ಲಿ ಅಲೆತಡೆ ಸೊನ್ನೆಗಿಂತ ಕಡಿಮೆ ಬರುವುದುಂಟು.

ಹೊಳೆ ದಾಟಿಸುವ ದೋಣಿಗಳ ವಿಚಾರ ಇನ್ನೂ ಒಂದು ಹೆಜ್ಜೆ ಮುಂದಿದೆ. ಪದರ ಭೇದವಿರುವ ಸೆಳವಿಗೆ ಅಡ್ಡಲಾಗಿ ಹೋಗುವಾಗ ಹಿಂದಿನ ಬೆಣೆ ಎರಡು ಬದಿಗೆ ಸಮನಾಗಿರುವುದಿಲ್ಲ. ಒಂದು ಬದಿ ಅಗಲ, ಇನ್ನೊಂದು ಕಿರಿದು. ಅಲೆಗಳು ಒಂದು ಕಡೆಗೆ ಹೆಚ್ಚು ಶಕ್ತಿ ಹೊತ್ತೊಯ್ಯುವುದರಿಂದ ದೋಣಿಗೆ ಪಕ್ಕಕ್ಕೆ ತಳ್ಳುವ ಬಲವೂ ಹುಟ್ಟುತ್ತದೆ. ಇದನ್ನು ಅಳೆಯಲು ಬಿದಿರಿನ ತುದಿಯಿಂದ ಒಂದರ ಬದಲು ಎರಡು ಹಗ್ಗ, ಎರಡು ತಕ್ಕಡಿ ಬೇಕು: ಒಂದು ನೇರ ಎಳೆತಕ್ಕೆ, ಇನ್ನೊಂದು ದೋಣಿಯ ನಡುವಿನಿಂದ ಪಕ್ಕಕ್ಕೆ. ಮೇಲ್ಮೈ ನಿಂತಿರುವ ಹಿನ್ನೀರಿನಲ್ಲೇ ಇದನ್ನು ಮಾಡಬೇಕು, ಏಕೆಂದರೆ ಹರಿಯುವ ಮೇಲ್ಮೈಯಲ್ಲಿ ದೋಣಿ ಒಂದೆರಡು ಡಿಗ್ರಿ ಓರೆಯಾದರೂ ಒಡಲಿನ ಮೇಲೆ ಬೀಳುವ ಅಡ್ಡ ತಳ್ಳು ಅಲೆಯ ತಳ್ಳನ್ನು ಪೂರ್ತಿ ಮುಚ್ಚಿಹಾಕುತ್ತದೆ.